ಸುಭಾಸ್ ರಸ್ತೆಯ ನೋಟ್‌ಬುಕ್ ಅಂಗಡಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಧಾರವಾಡದ ಸುಭಾಸ್ ರಸ್ತೆಯ ಒಂದು ನೋಟ್‌ಬುಕ್ ಅಂಗಡಿಯಲ್ಲಿ ಕೆಲಸ ಕೇಳಿದೆ. ಶಾಲೆ ಶುರುವಾಗುವ ಮುಂಚೆ ಅಲ್ಲಿ ಭಾರೀ ಗದ್ದಲ, ಕೆಲಸದವರು ಸಾಲುವುದಿಲ್ಲ. ಮಾಲೀಕರು ಅಂಕ ಕೇಳಲಿಲ್ಲ, ವಯಸ್ಸು ಕೇಳಿದರು. ಆಧಾರ್ ನೋಡಿ, "ನಾಳೆ ಅಪ್ಪನ್ನ ಕರಕೊಂಡ ಬಾರವ್ವಾ" ಎಂದರು. ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿ ಪ್ರಕಾರ 14 ತುಂಬದವರನ್ನು ಅಂಗಡಿಯಲ್ಲಿ ದುಡಿಸುವಂತಿಲ್ಲ. 18ರವರೆಗೆ ಅಪಾಯದ ಕೆಲಸ ಕೊಡುವಂತಿಲ್ಲ. ಸಂಜೆ ಏಳರೊಳಗೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಅದು ಕೂಡ ಕಾನೂನೇ.

ಒಂದು ಗೆರೆ, ಎರಡು ಗೆರೆ, ನಾಲ್ಕು ಗೆರೆ, ಚೌಕುಳಿ, 100 ಪುಟ, 200 ಪುಟ: ಯಾವುದು ಯಾವ ಕಪಾಟಿನಲ್ಲಿದೆ ಎಂದು ಕಲಿಯುವುದೇ ಮೊದಲ ಪಾಠ. ಶಾಲೆಯ ಪಟ್ಟಿ ಹಿಡಿದು ಬಂದ ಅಮ್ಮಂದಿರಿಗೆ ಎಲ್ಲ ಜೋಡಿಸಿ ಕೊಡುವಾಗ ತುಂಬಾ ಖುಷಿಯಾಗುತ್ತಿತ್ತು.

ನೀವೂ ಕೆಲಸ ಹುಡುಕುತ್ತಿದ್ದರೆ ಸಂಬಳ ಎಷ್ಟು, ಯಾವ ದಿನ ಕೊಡುತ್ತಾರೆ, ವಾರದ ರಜೆ ಯಾವತ್ತು ಎಂದು ಮೊದಲೇ ಕೇಳಿ. ಕೇಳಿದರೆ ತಪ್ಪೇನಿಲ್ಲ, ಅಲ್ವಾ?