ಸಿಡ್ ಮೈಯರ್ ಮ್ಯಾನೇಜರ್ ಆಗಲೇ ಇಲ್ಲ

ಗೇಮ್ ಕಂಪನಿ ಕಟ್ಟಿದವರ ಕತೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಸಿಡ್ ಮೈಯರ್‌ದು. ಈತ ಎರಡು ಕಂಪನಿ ಶುರು ಮಾಡಿದವರಲ್ಲಿ ಒಬ್ಬ. ಎರಡರಲ್ಲೂ ಮಾಲೀಕನ ಕುರ್ಚಿ ಕಡೆ ತಲೆ ಹಾಕಲಿಲ್ಲ. ಮೊದಲನೆಯದರಲ್ಲಂತೂ ತನ್ನ ಪಾಲನ್ನು ಜೊತೆಗಾರನಿಗೇ ಮಾರಿ, ಅದೇ ಕಂಪನಿಗೆ ಗುತ್ತಿಗೆ ಮೇಲೆ ಗೇಮ್ ಬರೆದುಕೊಟ್ಟ.

ಹುಟ್ಟಿದ್ದು 1954ರಲ್ಲಿ, ಕೆನಡಾದ ಸಾರ್ನಿಯಾದಲ್ಲಿ. ಬೆಳೆದದ್ದು ಅಮೆರಿಕದ ಡೆಟ್ರಾಯಿಟ್, ಓದಿದ್ದು ಮಿಷಿಗನ್ ವಿಶ್ವವಿದ್ಯಾಲಯ. ಕೆಲಸ ಸಿಕ್ಕಿದ್ದು ಜನರಲ್ ಇನ್‌ಸ್ಟ್ರುಮೆಂಟ್ ಅನ್ನೋ ಕಂಪನಿಯಲ್ಲಿ. ದೊಡ್ಡ ದೊಡ್ಡ ಅಂಗಡಿಗಳ ಕ್ಯಾಷ್ ರಿಜಿಸ್ಟರ್‌ಗಳನ್ನು ಒಂದಕ್ಕೊಂದು ಜೋಡಿಸೋ ಕೆಲಸ. ಮನೆಯಲ್ಲಿ ಅಟಾರಿ 800 ಅನ್ನೋ ಒಂದು ಕಂಪ್ಯೂಟರ್ ಇತ್ತು. ಗೇಮ್ ಬರೆಯೋದು ಅದರಲ್ಲಿ, ಆಫೀಸ್ ಮುಗಿದ ಮೇಲೆ.

ಅದೇ ಕಂಪನಿಯಲ್ಲಿದ್ದ ಬಿಲ್ ಸ್ಟೀಲಿ ವಾಯುಪಡೆಯ ಪೈಲಟ್ ಆಗಿದ್ದವನು. ಬಾಯಿ ಜೋರು, ಎಲ್ಲಿ ಹೋದರೂ ಸದ್ದು. 1982ರಲ್ಲಿ ಕಂಪನಿ ಕೆಲಸದ ಮೇಲೆ ಇಬ್ಬರೂ ಲಾಸ್ ವೇಗಸ್‌ಗೆ ಹೋದಾಗ ಹೋಟೆಲಿನ ಆರ್ಕೇಡ್‌ನಲ್ಲಿ (ಕಾಸು ಹಾಕಿ ಆಡೋ ಗೇಮ್ ಯಂತ್ರಗಳ ಜಾಗ) ರೆಡ್ ಬ್ಯಾರನ್ ಅನ್ನೋ ವಿಮಾನದ ಗೇಮ್ ಸಿಕ್ಕಿತು. ಪೈಲಟ್ ಮೊದಲು ಆಡಿ ಒಳ್ಳೇ ಸ್ಕೋರ್ ಮಾಡಿದ. ಆಮೇಲೆ ಕೂತ ಸಿಡ್ ಅದನ್ನು ಸಲೀಸಾಗಿ ದಾಟಿಬಿಟ್ಟ. ಹೇಗಪ್ಪಾ ಅಂದರೆ, ಎದುರಾಳಿ ವಿಮಾನಗಳು ಯಾವ ಲೆಕ್ಕಾಚಾರದಲ್ಲಿ ತಿರುಗುತ್ತವೆ ಅಂತ ಪಕ್ಕದಲ್ಲಿ ನಿಂತೇ ಕಂಡುಹಿಡಿದಿದ್ದ. ಇದಕ್ಕಿಂತ ಒಳ್ಳೆಯದನ್ನು ಒಂದೇ ವಾರದಲ್ಲಿ ಬರೆಯಬಲ್ಲೆ ಅಂತಲೂ ಹೇಳಿದ. ಬರೆದರೆ ಮಾರೋದು ನನ್ನ ಕೆಲಸ ಅಂದ ಸ್ಟೀಲಿ. ವಾರ ಹೋಗಿ ತಿಂಗಳುಗಳಾದವು (ಎಸ್ಟಿಮೇಟ್ ಅನ್ನೋದು ಅಂದಿನಿಂದಲೂ ಹೀಗೇ), ಆದರೆ 'ಹೆಲ್‌ಕ್ಯಾಟ್ ಏಸ್' ಬಂತು. ಮೇರಿಲ್ಯಾಂಡ್ ರಾಜ್ಯದಲ್ಲಿ ಮೈಕ್ರೋಪ್ರೋಸ್ ಶುರುವಾಗಿದ್ದು ಹೀಗೆ.

ಗೇಮ್ ಇರೋ ಫ್ಲಾಪಿ ಡಿಸ್ಕನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಾರುತ್ತಿದ್ದ ಕಾಲ ಅದು. ಸ್ಟೀಲಿ ಗಿರಾಕಿಯ ಸೋಗು ಹಾಕಿ ಅಂಗಡಿಗಳಿಗೆ ಫೋನ್ ಮಾಡಿ 'ಆ ಗೇಮ್ ಇದೆಯಾ' ಅಂತ ಕೇಳುತ್ತಿದ್ದನಂತೆ. ಹಲವು ಸಲ ಕೇಳಿ ಅಂಗಡಿಯವನ ತಲೆಗೆ ಹುಳ ಬಿಟ್ಟಾದ ಮೇಲೆ ತಾನೇ ಕಂಪನಿ ಪ್ರತಿನಿಧಿಯಾಗಿ ಹಾಜರು! ಇಂಥ ಜೊತೆಗಾರ ಸಿಕ್ಕಿದ್ದು ಸಿಡ್‌ನ ಪುಣ್ಯ. ಸಾಫ್ಟ್‌ವೇರ್ ಬರೆಯುವವರು ಸಾಮಾನ್ಯವಾಗಿ ಇಂಥವರನ್ನು ಕಂಡರೆ ಮೂಗು ಮುರೀತೀವಿ, ಆದರೆ ಸ್ಟೀಲಿ ಇಲ್ಲದಿದ್ದರೆ ಆ ಚೀಲಗಳು ಮನೆಯಲ್ಲೇ ಕೊಳೀತಿದ್ದವು.

ಆಮೇಲೆ ಯುದ್ಧವಿಮಾನ, ಸಬ್‌ಮರೀನ್ ಗೇಮ್‌ಗಳು ಸಾಲಾಗಿ ಬಂದವು, ಚೆನ್ನಾಗಿ ಓಡಿದವು. 1987ರ ಹೊತ್ತಿಗೆ ಸಿಡ್‌ಗೆ ವಿಮಾನ ಸಾಕಾಗಿ ಕಡಲ್ಗಳ್ಳರ ಮೇಲೆ ಮನಸ್ಸು ಹೋಯಿತು. ಹಳೇ ಗಿರಾಕಿಗಳಿಗೆ ಇದೂ ಅದೇ ಮನುಷ್ಯನದು ಅಂತ ಗೊತ್ತಾಗಲಿ ಅಂತ ಪೆಟ್ಟಿಗೆ ಮೇಲೆ 'ಸಿಡ್ ಮೈಯರ್ಸ್ ಪೈರೇಟ್ಸ್!' ಅಂತ ಅಚ್ಚು ಹಾಕಿಸಿದರು. ಹೆಸರು ಹಾಕಿ, ಇವರನ್ನು ಸಿನಿಮಾ ಸ್ಟಾರ್‌ಗಳ ಹಾಗೆ ಮೆರೆಸಿ ಅಂತ ಒಂದು ಔತಣದಲ್ಲಿ ನಟ ರಾಬಿನ್ ವಿಲಿಯಮ್ಸ್ ಹೇಳಿದ್ದು ಅಂತ ಸ್ಟೀಲಿ ಹೇಳುತ್ತಾನೆ. ಸ್ಟೀಲಿ ಹೇಳೋ ಕತೆಗಳಿಗೆ ಸ್ವಲ್ಪ ಒಗ್ಗರಣೆ ಇದ್ದೇ ಇರುತ್ತೆ, ನೋಡಿಕೊಂಡು ನಂಬಿ.

ಇಬ್ಬರ ದಾರಿ ಬೇರೆಯಾದದ್ದು 1990ರ ಆಸುಪಾಸಿನಲ್ಲಿ. ಸ್ಟೀಲಿಗೆ ಕಾಸು ಹಾಕಿ ಆಡೋ ದೊಡ್ಡ ಆರ್ಕೇಡ್ ಯಂತ್ರಗಳನ್ನು ಮಾಡೋ ಹುಕಿ. ಅಷ್ಟು ಬಂಡವಾಳ ಅದರ ಮೇಲೆ ಹೂಡೋದು ಸಿಡ್‌ಗೆ ಸರಿ ಕಾಣಲಿಲ್ಲ. ಜಗಳ ಆಡಲಿಲ್ಲ, ಪಾಲು ಮಾರಿದ. ಮುಂಗಡ ಇಷ್ಟು, ಗೇಮ್ ಕೊಟ್ಟಾಗ ಇಷ್ಟು, ಮೇಲೆ ರಾಯಲ್ಟಿ ಅಂತ ಮಾತಾಯಿತು. ಮಾರನೆಯ ದಿನದಿಂದ ಮತ್ತೆ ಅದೇ ಕೆಲಸ. ಜೊತೆಯಲ್ಲಿದ್ದ ಹೆಚ್ಚಿನವರು ಅವನನ್ನು ಇನ್ನೂ ಪಾಲುದಾರ ಅಂತಲೇ ಅಂದುಕೊಂಡಿದ್ದರು.

ಇದನ್ನು ಓದಿದಾಗ ನನಗೆ ನಮ್ಮ ಭಾವ ನೆನಪಾದರು. ನಮ್ಮ ಬೆಂಗಳೂರಿನ ಐಟಿಯಲ್ಲಿ ಎಂಟು-ಹತ್ತು ವರ್ಷ ಕೋಡ್ ಬರೆದವನು ಲೀಡ್ ಆಗಬೇಕು, ಆಮೇಲೆ ಮ್ಯಾನೇಜರ್. ಆಗದಿದ್ದರೆ ಅವನಲ್ಲೇ ಏನೋ ಐಬಿದೆ ಅಂತ ಅರ್ಥ. ಹಬ್ಬಕ್ಕೆ ಹೋದಾಗಲೆಲ್ಲ ಭಾವ ಕೇಳ್ತಾರೆ, "ಏನಯ್ಯಾ, ಈಗ ನಿನ್ನ ಕೈಕೆಳಗೆ ಎಷ್ಟು ಜನ?" ಯಾರೂ ಇಲ್ಲ ಭಾವ ಅಂದರೆ ಅಕ್ಕನ ಮುಖ ನೋಡ್ತಾರೆ.

ಪಾಲು ಬಿಟ್ಟವನು ಬರೆದದ್ದು ಏನು ಗೊತ್ತಾ? 1991ರ 'ಸಿವಿಲೈಸೇಷನ್', ಒಂದು ನಾಗರಿಕತೆಯನ್ನು ಪ್ರಾಚೀನ ಕಾಲದಿಂದ ಈ ಕಾಲದವರೆಗೆ ಬೆಳೆಸೋ ಗೇಮ್. ಮೊದಲ ಮಾದರಿ ಸಿಮ್‌ಸಿಟಿ ಅನ್ನೋ ನಗರ ಕಟ್ಟೋ ಗೇಮ್ ತರಹ ತಾನೇ ಓಡುತ್ತಿತ್ತು. ಆಡುವವನು ನೋಡುತ್ತಾ ಕೂರಬೇಕು, ಜನ ತಾವಾಗಿ ಊರು ಬೆಳೆಸುತ್ತಾರೆ. ಬೇಜಾರು ಹುಟ್ಟಿಸುತ್ತಿತ್ತು. ಸಿಡ್ ಅದನ್ನು ಪಕ್ಕಕ್ಕಿಟ್ಟು 'ಕವರ್ಟ್ ಆ್ಯಕ್ಷನ್' ಅನ್ನೋ ಗೂಢಚಾರರ ಗೇಮ್ ಮುಗಿಸಿ, ಆಮೇಲೆ ಮತ್ತೆ ಕೈಗೆತ್ತಿಕೊಂಡು ಚದುರಂಗದ ಹಾಗೆ ಸರದಿ ಮೇಲೆ ನಡೆ ಇಡೋ ಆಟ ಮಾಡಿದ. ಬೋರ್ಡ್ ಗೇಮ್ ಕಂಪನಿಯಿಂದ ಬಂದಿದ್ದ ಬ್ರೂಸ್ ಶೆಲ್ಲಿ ಕೈಗೆ ಒಂದು ಫ್ಲಾಪಿ ಕೊಡುತ್ತಿದ್ದ. ಶೆಲ್ಲಿ ಆಡಿ ಎಲ್ಲಿ ಸಪ್ಪೆ, ಎಲ್ಲಿ ಸೊಗಸು ಅಂತ ಹೇಳಬೇಕು. ಸಿಡ್ ತಿದ್ದಿ ಹೊಸ ಫ್ಲಾಪಿ ತರಬೇಕು. ಡಿಸೈನ್ ಮೀಟಿಂಗ್ ಅಂದರೆ ಅಷ್ಟೇ. ಯಾವುದಾದರೂ ಅಂಕಿ ಸರಿಯಿಲ್ಲ ಅನ್ನಿಸಿದರೆ ಹತ್ತು ಪರ್ಸೆಂಟ್ ಆಚೀಚೆ ಮಾಡುತ್ತಾ ಕೂರಬೇಡಿ, ದುಪ್ಪಟ್ಟು ಮಾಡಿ ಇಲ್ಲವೇ ಅರ್ಧ ಮಾಡಿ, ವ್ಯತ್ಯಾಸ ಕಣ್ಣಿಗೆ ಬೀಳಲಿ ಅನ್ನೋದು ಅವನ ರೂಢಿ. ನಮ್ಮ ಆಫೀಸಿನ ಟೈಮ್‌ಔಟ್ ಸೆಟ್ಟಿಂಗುಗಳಿಗೆ ನಾನೂ ಹೀಗೇ ಮಾಡ್ತೀನಿ, ಬೇಗ ಉತ್ತರ ಸಿಗುತ್ತೆ.

ಆಡುವವರ ಮನಸ್ಸಿನ ಬಗ್ಗೆ ಅವನು 2010ರಲ್ಲಿ ಗೇಮ್ ಡೆವಲಪರ್‌ಗಳ ಸಮ್ಮೇಳನದಲ್ಲಿ ಮಾಡಿದ ಭಾಷಣ ಇನ್ನೂ ಮಜಾ. ಕಾಳಗದಲ್ಲಿ ನಿಮ್ಮ ಬಲ ಮೂರು, ಎದುರಾಳಿಯದು ಒಂದು ಅನ್ನಿ. ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದು ಸಲ ಸೋಲಬೇಕು. ಸೋತರೆ ಜನ ಕೆರಳುತ್ತಾರೆ: ಮೂರು ದೊಡ್ಡದಲ್ಲವೇ, ಕಂಪ್ಯೂಟರ್ ಮೋಸ ಮಾಡಿತು! ಅದೇ ಜನ ತಮ್ಮ ಬಲ ಒಂದು, ಎದುರಾಳಿಯದು ಮೂರು ಇದ್ದೂ ಗೆದ್ದಾಗ ತಮ್ಮದೇ ಜಾಣತನ ಅಂತ ಬೀಗುತ್ತಾರೆ. ಎರಡಕ್ಕೆ ಒಂದರಲ್ಲಿ ಸೋತರೆ ಹೋಗಲಿ ಅಂತಾರೆ. ಇಪ್ಪತ್ತಕ್ಕೆ ಹತ್ತರಲ್ಲಿ ಸೋತರೆ ಮಾತ್ರ ಒಪ್ಪಲ್ಲ, ಹತ್ತು ಹೆಚ್ಚಿತ್ತಲ್ಲ! ಕೊನೆಗೆ ಅವರು ಗಣಿತವನ್ನೇ ಆಟಗಾರನ ಕಡೆ ಬಗ್ಗಿಸಿದರು. ಕ್ರಿಕೆಟ್ ನೋಡುವ ನಾವು ಇದನ್ನು ಅಲ್ಲಗಳೆಯೋ ಹಾಗಿಲ್ಲ.

ಗಾಂಧಿ ಬಾಂಬ್ ಹಾಕುವ ಕತೆ ನೀವೂ ಕೇಳಿರುತ್ತೀರಿ. ಮೊದಲ ಸಿವಿಲೈಸೇಷನ್‌ನಲ್ಲಿ ಭಾರತದ ನಾಯಕನಾಗಿ ಬರೋ ಗಾಂಧಿಯ ಆಕ್ರಮಣದ ಅಂಕಿ ಒಂದು, ಪ್ರಜಾಪ್ರಭುತ್ವ ಬಂದಾಗ ಅದರಲ್ಲಿ ಎರಡು ಕಳೆದು ಸೊನ್ನೆಗಿಂತ ಕೆಳಗೆ ಹೋಗಲಾಗದೆ ಸುತ್ತು ಹಾಕಿ ಅತಿ ದೊಡ್ಡ ಅಂಕಿ 255 ಆಯಿತು, ಶಾಂತಿದೂತ ಅಣುಬಾಂಬ್ ಹಿಡಿದ ಅಂತ. ಕಾಲೇಜುಗಳಲ್ಲಿ ಉದಾಹರಣೆಯಾಗಿ ಪಾಠ ಮಾಡೋದನ್ನೂ ಕೇಳಿದ್ದೇನೆ. ಅದು ಸುಳ್ಳು. ಅಂಥ ಬಗ್ ಇರಲೇ ಇಲ್ಲ ಅಂತ ಸಿಡ್ 2020ರ ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. ಐದನೇ ಆವೃತ್ತಿಯಲ್ಲಿ ಗಾಂಧಿಗೆ ಬಾಂಬ್ ಪ್ರೀತಿ ಜಾಸ್ತಿ ಇಟ್ಟದ್ದು ಮಾತ್ರ ಬೇಕಂತಲೇ ಮಾಡಿದ ತಮಾಷೆ.

1993ರಲ್ಲಿ ಮೈಕ್ರೋಪ್ರೋಸ್ ಇನ್ನೊಂದು ಗೇಮ್ ಕಂಪನಿ ಸ್ಪೆಕ್ಟ್ರಮ್ ಹೋಲೋಬೈಟ್ ಕೈಗೆ ಹೋಯಿತು. 1996ರಲ್ಲಿ ಸಿಡ್, ಜೆಫ್ ಬ್ರಿಗ್ಸ್, ಬ್ರಯಾನ್ ರೆನಾಲ್ಡ್ಸ್ ಸೇರಿ ಫಿರಾಕ್ಸಿಸ್ ಅನ್ನೋ ಹೊಸ ಕಂಪನಿ ಶುರು ಮಾಡಿದರು. 2005ರಲ್ಲಿ ಅದನ್ನು ಟೇಕ್-ಟೂ ಅನ್ನೋ ದೊಡ್ಡ ಗೇಮ್ ಕಂಪನಿ ಕೊಂಡುಕೊಂಡಿತು. ಪೆಟ್ಟಿಗೆ ಮೇಲೆ ಈಗಲೂ ಸಿಡ್ ಮೈಯರ್ ಹೆಸರಿದೆ, ಆದರೆ ಮುಂದಿನ ಸಿವಿಲೈಸೇಷನ್‌ಗಳ ಮುಖ್ಯ ಡಿಸೈನರ್‌ಗಳು ಬೇರೆಯವರೇ: ನಾಲ್ಕನೆಯದಕ್ಕೆ ಸೋರೆನ್ ಜಾನ್ಸನ್, ಐದಕ್ಕೆ ಜಾನ್ ಶೇಫರ್, ಆರಕ್ಕೆ ಎಡ್ ಬೀಚ್. ತನ್ನ ಅತಿ ದೊಡ್ಡ ಆಟವನ್ನು ಹುಡುಗರ ಕೈಗೆ ಕೊಟ್ಟು ತಾನು ಹೊಸ ಮಾದರಿಗಳನ್ನು ಬರೆಯುತ್ತಾ ಕೂತ. ಡೈನೋಸಾರ್ ಗೇಮ್ ಒಂದನ್ನು ಹಲವು ರೀತಿ ಬರೆದು ನೋಡಿ, ಯಾವುದೂ ಆಗದೆ ಕೈಬಿಟ್ಟಿದ್ದೂ ಉಂಟು.

ಹಾಗಂತ ಕೈ ಇಟ್ಟದ್ದೆಲ್ಲ ಚಿನ್ನ ಅಲ್ಲ. 2015ರ 'ಸ್ಟಾರ್‌ಶಿಪ್ಸ್' ಒಂದು ವಾರಾಂತ್ಯಕ್ಕೆ ಸಾಕು, ಮತ್ತೆ ತೆರೆಯಬೇಕು ಅನ್ನಿಸಲ್ಲ. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ 2004ರಲ್ಲಿ ಮತ್ತೆ ಮಾಡಿದ 'ಪೈರೇಟ್ಸ್!', ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಸಿವಿಲೈಸೇಷನ್ ಆಡೋದಾದರೆ ಶುಕ್ರವಾರ ರಾತ್ರಿಯೇ ಶುರು ಮಾಡಿ, ಭಾನುವಾರ ಸಂಜೆ ಮಾತ್ರ ಬೇಡ.