ನಾಲ್ಕು ವರ್ಷದ ಮೇಲೆ ಮೈಸೂರಿಗೆ, ಒಂದು ಚೀಲ ಮಂಡಕ್ಕಿ ಹೊತ್ತು

ದಾವಣಗೆರೆಯಿಂದ ಮೈಸೂರಿಗೆ ಒಂದು ರಾತ್ರಿಯ ದಾರಿ. ಆದರೂ ಮಗನ ಮನೆಗೆ ಹೋಗಿ ನಾಲ್ಕು ವರ್ಷವಾಗಿತ್ತು. ಮೊದಲು ಇವರ ಮಂಡಿ ನೋವು, ಆಮೇಲೆ ಎಮ್ಮೆ ಕರು ಹಾಕಿತು, ಆಮೇಲೆ ಸುಮ್ನೆ ಸೋಮಾರಿತನ. ನಮ್ಮ ಹಾಗೇ ಮೊಮ್ಮಕ್ಕಳನ್ನು ಫೋನಿನಲ್ಲೇ ನೋಡುತ್ತಾ ಕೂತವರು ಹೊರಡುವುದಾದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ವಯಸ್ಸಿಗೆ ರೈಲೇ ಸರಿ. ರಾತ್ರಿಯ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಅರಸೀಕೆರೆ, ಹಾಸನ ದಾಟಿ ಬೆಳಿಗ್ಗೆ ಮೈಸೂರು. ಬುಕಿಂಗ್ 60 ದಿನ ಮೊದಲೇ ಶುರುವಾಗುತ್ತದೆ, ತಡ ಮಾಡಬೇಡಿ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತುಹೋಯಿತು. ಕೆಳಗಿನ ಬರ್ತ್ ಕೋಟಾ ಮಾತ್ರ ಇದೆ. ಅದೂ ಒಂದು ಟಿಕೆಟ್‌ನಲ್ಲಿ ಒಬ್ಬರೋ ಇಬ್ಬರೋ ಇದ್ದರೆ. ನಾವು ಮೈದುನನ ಹೆಸರನ್ನೂ ಅದೇ ಟಿಕೆಟ್‌ಗೆ ಸೇರಿಸಿ ಕೋಟಾ ಕಳೆದುಕೊಂಡೆವು. ಮಂಡಿ ನೋವಿನವರಿಗೆ ಮೇಲಿನ ಬರ್ತ್! ಪುಣ್ಯಕ್ಕೆ ಒಬ್ಬ ಕಾಲೇಜು ಹುಡುಗ ತನ್ನದನ್ನು ಬಿಟ್ಟುಕೊಟ್ಟ.

'ಭಾನುವಾರ ಬನ್ನಿ, ಎಲ್ಲರೂ ಸ್ಟೇಷನ್‌ಗೆ ಬರ್ತೀವಿ' ಅಂದಿದ್ದ ಮಗ. ಟಿಕೆಟ್ ಸಿಕ್ಕಿದ್ದು ಬುಧವಾರಕ್ಕೆ. ಅದೇ ಒಳ್ಳೆಯದಾಯಿತು. ಮಕ್ಕಳು ಶಾಲೆಯಲ್ಲಿದ್ದವು. ನಾವು ಸ್ನಾನ ಮುಗಿಸಿ, ಒಂದು ನಿದ್ದೆ ತೆಗೆದು, ಮನುಷ್ಯರ ಹಾಗೆ ಕೂತಿದ್ದಾಗ ವ್ಯಾನ್ ಬಂತು. ದೊಡ್ಡವಳು ಬಂದು ಪಕ್ಕ ಕೂತಳು. ಚಿಕ್ಕವನು ಪರದೆಯ ಹಿಂದೆ. ಅವನನ್ನು ಕೊನೆಯ ಸಲ ಎತ್ತಿಕೊಂಡಾಗ ವರ್ಷದ ಕೂಸು. ಇವರು 'ಬಾ ಪುಟ್ಟ' ಅಂತ ಮೂರು ಸಲ ಕರೆದರು, ಅವನು ಅಡುಗೆಮನೆಗೇ ಓಡಿದ. ಕರೆಯಬೇಡಿ. ನಿಮ್ಮ ಪಾಡಿಗೆ ಏನಾದರೂ ಮಾಡುತ್ತಿರಿ.

ನಾನು ಮಂಡಕ್ಕಿ ಚೀಲ ಬಿಚ್ಚಿ, ನೆಲದ ಮೇಲೆ ಕೂತು ಈರುಳ್ಳಿ ಹೆಚ್ಚತೊಡಗಿದೆ. ಸ್ವಲ್ಪ ಹೊತ್ತಿಗೆ ಪರದೆಯಿಂದ ದನಿ.

'ಅದು ಪುರಿ.'

'ಅಲ್ಲಪ್ಪ, ಮಂಡಕ್ಕಿ.'

'ಕಡ್ಲೆಪುರಿ. ಅಮ್ಮನ್ನ ಬೇಕಾದ್ರೆ ಕೇಳಿ.'

ಜಗಳ ಮುಗಿಯುವ ಹೊತ್ತಿಗೆ ನನ್ನ ತೊಡೆ ಮೇಲಿದ್ದ, ಬಾಯಿ ತುಂಬ ಮಂಡಕ್ಕಿ. ಇವರದೇ ತಾಪತ್ರಯ. ನಮ್ಮ ಕಡೆ ಅಜ್ಜ, ಅಲ್ಲಿ ತಾತ. 'ತಾತ' ಅಂತ ಅದು ಕೂಗಿದರೆ ಇವರು ಒಂದು ದಿನ ಪೂರ್ತಿ ತಿರುಗಿಯೇ ನೋಡಲಿಲ್ಲ!

ಹೋಗುವ ಮೊದಲು ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಕಮೋಡ್ ಇದೆಯಾ ಅಂತ ನಾಚಿಕೆ ಬಿಟ್ಟು ಕೇಳಿ. ಬಿಪಿ, ಶುಗರ್ ಮಾತ್ರೆ ಒಂದು ವಾರಕ್ಕೆ ಜಾಸ್ತಿಯೇ ಇರಲಿ. ಉಳಿಯಿರಿ ಅನ್ನುತ್ತಾರೆ, ನೀವೂ ಉಳಿಯುತ್ತೀರಿ.

ಊರು ನೋಡುವುದನ್ನು ಮಕ್ಕಳ ರಜಕ್ಕೆ ಇಟ್ಟುಕೊಳ್ಳಿ. 1892ರಲ್ಲಿ ಶುರುವಾದ ಮೃಗಾಲಯಕ್ಕೆ ಮಂಗಳವಾರ ರಜ. ಒಳಗೆ ನಡೆದು ಸಾಕಾಗುತ್ತದೆ, ಬ್ಯಾಟರಿ ಗಾಡಿ ಹತ್ತಿ. ಮರ್ಯಾದೆ ಹೋಗುವುದಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮಕ್ಕಳಿಗಿರಲಿ, ನಮಗೆ ಸಿಟಿ ಬಸ್ ಸ್ಟ್ಯಾಂಡಿನಿಂದ 201ನೇ ನಂಬರ್ ಬಸ್ಸು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಫ್ರೀ, ಆದರೆ ಏಸಿ ಬಸ್ಸಲ್ಲಿ ಇಲ್ಲ. ಇವರು ಟಿಕೆಟ್ ತಗೊಳ್ಳುವಾಗ ಮೊಮ್ಮಗಳು ಕಿಸಕ್ಕಂತ ನಕ್ಕಳು. ಭಾನುವಾರ ಸಂಜೆ ಅರಮನೆ ದೀಪ ನೋಡಲು ಸ್ವಲ್ಪ ಮೊದಲೇ ಹೋಗಿ, ಕೂರಲು ಜಾಗ ಹಿಡಿಯಿರಿ. ದೀಪ ಒಟ್ಟಿಗೇ ಹತ್ತುವ ಆ ಗಳಿಗೆ ತಪ್ಪಿದರೆ ಹೋಗಿದ್ದೇ ದಂಡ. ದಸರಾದಲ್ಲಿ ಮಾತ್ರ ಬೇಡ. ಆ ಜನಜಂಗುಳಿಯಲ್ಲಿ ಮೊಮ್ಮಕ್ಕಳ ಕೈ ಹಿಡಿಯುವುದೇ ಕೆಲಸವಾಗುತ್ತದೆ.

ವಾಪಸ್ ಟಿಕೆಟ್ ಶಾಲೆ ಇರುವ ದಿನಕ್ಕೇ ಮಾಡಿಸಿ. ಅವರು ವ್ಯಾನ್ ಹತ್ತಿ ಕೈ ಬೀಸಿ ಹೋಗುತ್ತಾರೆ, ಅಳು ಏನಿದ್ದರೂ ನಮ್ಮದು. ಮೊನ್ನೆ ಚಿಕ್ಕವನ ಫೋನ್ ಬಂದಿತ್ತು. ಮಂಡಕ್ಕಿ ಖಾಲಿಯಾಯಿತಂತೆ. ಮಂಡಕ್ಕಿ ಅಂತಲೇ ಅಂದ.