ಕಾಳಭೂಪನ ಬಿರುದು ಆಯಿತು, ಇನ್ನು ಎದುರಾಳಿಗಳ ಸರದಿ

ನನ್ನ ಫ್ಯಾಂಟಸಿ ಕಾದಂಬರಿಯ ಕೆಲಸ ಈ ತಿಂಗಳು ಒಂದೇ ಸಾಲಿನ ಸುತ್ತ ತಿರುಗಿತು. ಕಥೆಯ ಖಳ, ದೊರೆ ಕಾಳಭೂಪ ದರ್ಬಾರಿಗೆ ಬರುವಾಗ ಹೊಗಳುಭಟರು ಕೂಗುವ ಬಿರುದಾವಳಿ ಅದು. ಹಳೆಯ ಕರಡಿನಲ್ಲಿ ಅವನು ‘ತ್ರಿಲೋಕೈಕವೀರ, ಸೂರ್ಯಚಂದ್ರರ ಒಡೆಯ’. ಕೂಗೋಕೆ ಜೋರಾಗಿದೆ. ಆದರೆ ಸೂರ್ಯನಿಗಾಗಿ ಅವನ ಜೊತೆ ಜಗಳಕ್ಕೆ ಬರುವವರು ಯಾರು? ಯಾರಿಗೂ ಸಿಟ್ಟು ಬರಿಸದ ಬಿರುದು ಕಥೆಗೆ ದಂಡ. ತೆಗೆದುಹಾಕಿದೆ.

ಕೋಲಾರದಲ್ಲಿ ಕೂತು ಬರೆಯುವವನು ಮಾದರಿಗೆ ದೂರ ಹೋಗಬೇಕಿಲ್ಲ. ಶಾಸನಗಳಲ್ಲಿ ಗಂಗ ವಂಶದ ರಾಜರು ‘ಕುವಳಾಲಪುರವರೇಶ್ವರ’ (ಕುವಳಾಲವೆಂಬ ಊರಿನ ಒಡೆಯ), ‘ನಂದಗಿರಿನಾಥ’. ಒಂದು ನಮ್ಮೂರು ಕೋಲಾರ, ಇನ್ನೊಂದು ನಂದಿಬೆಟ್ಟ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಈ ಎರಡನ್ನೂ ಅವರು ಬಿಡಲಿಲ್ಲ. 1004ರ ಸುಮಾರಿಗೆ ಚೋಳರು ಗಂಗರ ನಾಡಾದ ಗಂಗವಾಡಿ ಗೆದ್ದರು. ಆಮೇಲೆ ಶಿವಮೊಗ್ಗದ ಕಡೆ ಸಾಮಂತರಾಗಿ ಉಳಿದ ಗಂಗರೂ ಇದನ್ನೇ ಹಾಕಿಕೊಂಡರು. ಊರು ಕೈಯಲ್ಲಿಲ್ಲ, ಹೆಸರಿನಲ್ಲಿದೆ!

ಇನ್ನೂ ಜಾಸ್ತಿ ಉಪಯೋಗಕ್ಕೆ ಬಂದವನು 10ನೇ ಶತಮಾನದ ಗಂಗರ ದೊರೆ ಇಮ್ಮಡಿ ಮಾರಸಿಂಹ. ನೊಳಂಬ ವಂಶದ ಅರಸರನ್ನು ಸೋಲಿಸಿ ‘ನೊಳಂಬಕುಲಾಂತಕ’, ಅಂದರೆ ನೊಳಂಬರ ಕುಲವನ್ನೇ ಮುಗಿಸಿದವನು ಎನಿಸಿಕೊಂಡ. ಆದರೆ ಆ ಕುಲ ಮುಗಿಯಲೇ ಇಲ್ಲ. 11ನೇ ಶತಮಾನದಲ್ಲಿ ಚಾಲುಕ್ಯರ ಸಾಮಂತರಾಗಿ ನೊಳಂಬರು ಮತ್ತೆ ಕಾಣಿಸುತ್ತಾರೆ. ಅಷ್ಟರಲ್ಲಿ ಗಂಗರ ರಾಜ್ಯವೇ ಹೋಗಿತ್ತು. (ಮಾರಸಿಂಹ ನನ್ನ ಖಳನಂಥವನಲ್ಲ. ಬಂಕಾಪುರದಲ್ಲಿ ಸಲ್ಲೇಖನ (ಜೈನರ ಉಪವಾಸ ವ್ರತ) ಮಾಡಿ ಪ್ರಾಣ ಬಿಟ್ಟವನು. ನಾನು ಕದ್ದದ್ದು ಬಿರುದಿನ ಅಚ್ಚನ್ನು ಮಾತ್ರ.)

ಈಗಿನ ಸಾಲು ಹೀಗಿದೆ: ‘ಹೊನ್ನಹಳ್ಳಪುರವರೇಶ್ವರ, ಮಾಳಕುಲಾಂತಕ, ನೂರೊಂದು ಕೆರೆಯ ಒಡೆಯ ಕಾಳಭೂಪ.’ ಮೂರೂ ಸುಳ್ಳು. ಹೊನ್ನಹಳ್ಳ ಅವನಜ್ಜನ ಕಾಲಕ್ಕೇ ಬೂದಿಗುಡ್ಡದ ದೊರೆಯ ಪಾಲಾಗಿದೆ. ಮಾಳ ಕುಲದಲ್ಲಿ ಮಾಳವ್ವೆ ಎಂಬ ಹೆಂಗಸು ಇನ್ನೂ ಬದುಕಿದ್ದಾಳೆ.

ಕೆರೆಯ ವಿಷಯದಲ್ಲಿ ನನಗೆ ಖುಷಿ ಜಾಸ್ತಿ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ತಾನೇ ಕೆಳಗಿನ ಕೆರೆಗೆ ನೀರು? ಕಾಳಭೂಪನ ಕೋಟೆ ಇರುವುದು ಸಾಲಿನ ಕಟ್ಟಕಡೆಯ ಕೆರೆಯ ಹತ್ತಿರ. ಮೇಲಿನ ಕೆರೆಗಳ ನೀರುಗಂಟಿಗಳು (ಕೆರೆಯ ನೀರು ಬಿಡುವವರು) ಕೇಳುವುದು ಮಾಳವ್ವೆಯ ಮಾತನ್ನು. ಕೋಡಿಗೆ ಕಲ್ಲು ಜೋಡಿಸಿ ಒಂದು ಮೊಳ ಎತ್ತರಿಸಿದರೆ ಸಾಕು, ಆ ಮಳೆಗಾಲ ಅವನ ಗದ್ದೆಗಳು ಒಣಗುತ್ತವೆ. ಕತ್ತಿ ಹಿಡಿಯುವ ಎದುರಾಳಿಗಿಂತ ಇವಳ ಮೇಲೆ ಅವನಿಗೆ ಭಯ. ದಂಡು ಕಳಿಸಿದರೆ ಏರಿ ಒಡೆದಾಳು ಎಂಬ ಚಿಂತೆ ಬೇರೆ. ಇವಳಿಗೆ ಬಿರುದು ಕೊಟ್ಟಿಲ್ಲ. ಜನ ಸುಮ್ನೆ ‘ಅವ್ವ’ ಅಂತಾರೆ.

ಬೂದಿಗುಡ್ಡದ ದೊರೆ ಮಾತ್ರ ಸಪ್ಪೆಯಾಗಿದ್ದ. ಚಿಂತಾಮಣಿಯ ನನ್ನ ಬಾಮೈದ ಕರಡು ಓದಿ, ‘ಭಾವ, ಅವನೂ ಹೊನ್ನಹಳ್ಳಪುರವರೇಶ್ವರ ಅಂತಲೇ ಕೂಗಿಸಿದ್ರೆ ಮಜಾ ಅಲ್ವಾ?’ ಅಂದ. ಹೌದಲ್ಲ! ಊರು ನಿಜವಾಗಿ ಅವನದೇ. ಹಾಗಾಗಿ ಮುಂದಿನ ಅಧ್ಯಾಯ ಒಂದು ಮದುವೆ ಚಪ್ಪರ. ಇಬ್ಬರ ಹೊಗಳುಭಟರೂ ಒಂದೇ ಹೆಸರು ಕೂಗುತ್ತಾರೆ. ಯಾರು ಮೊದಲು ಕೂಗಬೇಕು ಎಂಬುದಕ್ಕೇ ಗಲಾಟೆ ಶುರು.

ಮೂರನೇ ಎದುರಾಳಿ, ಉಪ್ಪಿನ ಸೀಮೆಯ ಅರಸ, ಇನ್ನೂ ನಕ್ಷೆಯಲ್ಲಿದ್ದಾನೆ. ಬಿರುದಿನಲ್ಲಿ ಅವನನ್ನು ಕೆಣಕುವ ಒಂದು ಮಾತೂ ಇಲ್ಲ. ಸದ್ಯಕ್ಕೆ ಅಳಿಸುತ್ತಿದ್ದೇನೆ.